ಕಟ್ಟಿಯಿಂದ ಅಡಗಿಮನಿಗೆ ಒಂದು ಫೋನು

ಮೊದಲ ಒಪ್ಪಿಕೊಂಡ ಬಿಡ್ತೀನಿ, ಆಮ್ಯಾಲ ನೀವು ಬೈಯೋದಿದ್ರ ಬೈರಿ. ನಮ್ಮ ಅವ್ವ ನಮ್ಮ ಅಪ್ಪಗ ಗುಟ್ಟಾಗಿ ಹೇಳಿದ ಮಾತನ್ನ ಎತ್ತಿ, ಓಣಿಗೆ ಓಣಿನ ಕೇಳೂವಂಗ ಮೈಕಿನ ಭೋಂಗಾದಾಗ ಒದರಿಸಿದ ಮಹಾನುಭಾವ ನಾನ. ಬೇಕಂತ ಮಾಡಿದ್ದಲ್ರಿ. ಬೇಕಂತ ಮಾಡೋವಷ್ಟು ತಲಿ ಇದ್ದಿದ್ರ ಬಿ.ಕಾಂ. ಒಂದ ಸಲಕ್ಕ ಪಾಸಾಗಿ ಎಲ್ಲೋ ಬ್ಯಾಂಕಿನ್ಯಾಗ ಫ್ಯಾನಿನ ಕೆಳಗ ಕುಂತಿರ್ತಿದ್ದೆ. ಕಿಡಕಿಗೆ ಬಡಿದ ಮಳಿಗೆ ಎರಡು ಜೋಡಿ ತಂತಿ ಜೋತು ಬಿದ್ದಿದ್ದವು. ಯಾವ ಜೋಡಿ ಯಾವುದರದು ಅನ್ನೋದು ಮಸರಕಲ್‌ನ್ಯಾಗ ನಮ್ಮ ಆಯಿ ತವರಮನಿ ಕುರಿಗೂ ಗೊತ್ತಾಗ್ತಿತ್ತು. ನನಗ ಗೊತ್ತಾಗಲಿಲ್ಲ. ಅದೂ ಟೆಲಿಫೋನ್ ಮೆಕ್ಯಾನಿಕ್‌ನ ಮಗ ಆಗಿ!

ಮರತ ಹೋಗಿತ್ತು ಇದೆಲ್ಲ. ಮೊನ್ನೆ ದೇವದುರ್ಗದ ಸಂತ್ಯಾಗ ಒಬ್ಬಾಂವ ಹಳೇ ಸಾಮಾನು ಹರವಿಕೊಂಡು ಕುಂತಿದ್ದ. ತುಕ್ಕು ಹಿಡಿದ ಕೀಲಿ, ಕಿವಿ ಇಲ್ಲದ ಕೊಡ, ಅದರ ನಡುವ ಒಂದು ಕರೇ ಫೋನು. ಬಾಜೂಕ ಹಿಡಿಕಿ ಇರ್ತದಲ್ರಿ, ಗರಗರ ತಿರುವಿದ್ರ ಆ ಕಡಿ ಗಂಟಿ ಬಾರಿಸೋದು, ಅಂಥಾದ್ದು. ನಾ ಕುಂತು ಹಿಡಿಕಿ ತಿರುವಿದೆ. ರಿಸೀವರ್ ಕಿವಿಗೆ ಹಚ್ಚಿಕೊಂಡೆ.

“ತಗೋತೀರೇನ್ರಿ?” ಅಂದ ಅವ.

“ತಡೀರಿ, ಇನ್ನೂ ಯಾರೂ ಎತ್ತವಲ್ರು,” ಅಂದೆ.

ಅವ ನನ್ನ ಮಾರಿ ಒಮ್ಮೆ ನೋಡಿ, ಸಾಮಾನೆಲ್ಲ ತನ್ನ ಕಡಿ ಸರಿಸಿಕೊಂಡ.

ನಮ್ಮ ಅಪ್ಪ ಶರಣಪ್ಪ. ಕುರಿ ಕಾಯೋ ಮನಿತನದಾಗ ಹುಟ್ಟಿ, ಕುರಿ ಬಿಟ್ಟು ಕಂಬ ಹಿಡಿದಾಂವ. ಮೊದಲು ದೇವದುರ್ಗದಾಗ ತಂತಿ ಎಳಿಯೋ ಕೆಲಸ, ಆಮ್ಯಾಲ ಮಾನ್ವಿ ಎಕ್ಸ್‌ಚೇಂಜು, ಕಡೀಕ ರಾಯಚೂರು. ರಾಯಚೂರಿನ್ಯಾಗ ಖುರ್ಚಿ ಮ್ಯಾಲ ಕುಂತು, ಕನ್ನಡಕ ಹಾಕ್ಕೊಂಡು, ಕೂದಲೆಳಿಯಂಥ ತಂತಿಗೆ ಕಾವು ಕೊಟ್ಟು ಕೂಡಿಸೋ ದೊಡ್ಡ ಮೆಕ್ಯಾನಿಕ್ ಆಗಿದ್ದ. ಆದ್ರ ನಮ್ಮ ಆಯಿ, ಅಂದ್ರ ಅಪ್ಪನ ಅವ್ವ, ಯಾರ ಕೇಳಿದ್ರೂ “ನನ್ನ ಮಗ ಕಂಬ ಹತ್ತೋ ನೌಕರಿ ಮಾಡ್ತಾನ” ಅಂತಿದ್ಲು. ಆಕಿ ಪಾಲಿಗೆ ಅಪ್ಪ ಕಂಬ ಹತ್ತಿದಾಂವ ಇನ್ನೂ ಇಳದಿದ್ದಿಲ್ಲ.

ನನಗ ಅಪ್ಪ ಅಂದ್ರ ರಾಳದ ವಾಸನಿ. ತಂತಿ ಕೂಡಸೋವಾಗ ರಾಳ ಸುಟ್ಟು ಒಂದು ಹೊಗಿ ಏಳ್ತದ, ದೇವರ ಮುಂದ ಲೋಬಾನ ಹಾಕಿದಂಗ. ಆ ವಾಸನಿ ಅಂವನ ಖಾಕಿ ಅಂಗ್ಯಾಗ, ಊಟದ ಡಬ್ಬ್ಯಾಗ, ತಲಿದಿಂಬಿನ್ಯಾಗ ಕುಂತಿತ್ತು. ಸಣ್ಣಾಂವ ಇದ್ದಾಗ ನಾನು ಅಪ್ಪ ಡ್ಯೂಟಿಗೆ ಹೋದ ಮ್ಯಾಲ ಅಂವನ ಇನ್ನೊಂದು ಅಂಗಿ ತಲಿ ಮ್ಯಾಲ ಹಾಕ್ಕೊಂಡು ಮಲಗ್ತಿದ್ದೆ. ಈಗ ಎಲ್ಲರೆ ರೇಡಿಯೋ ರಿಪೇರಿ ಅಂಗಡಿ ಮುಂದ ಹಾದ್ರ ಕಾಲು ತಾವ ನಿಲ್ತಾವ. ಅಂಗಡ್ಯಾಂವ “ಏನ್ ಬೇಕ್ರಿ?” ಅಂದ್ರ ಏನ್ ಹೇಳಬೇಕು? “ನಮ್ಮ ಅಪ್ಪ ಬೇಕ್ರಿ” ಅನ್ನಾಕ ಬರ್ತದೇನು?

ಎಂಬತ್ತನೇ ಇಸವಿ ಆಸುಪಾಸಿನ್ಯಾಗ ಅಪ್ಪ ರಿಟೈರ್ ಆದ. ಹಾರ ಹಾಕಿ, ಶಾಲು ಹೊದಿಸಿ, ಕೈಯಾಗ ಒಂದು ಗೋಡಿ ಗಡಿಯಾರ ಕೊಟ್ಟು ಟಾಂಗಾದಾಗ ಕೂಡ್ರಿಸಿ ಕಳಿಸಿದ್ರು. ಮರುದಿನ ನಾವು ಏಳೋದ್ರಾಗ ಗಡಿಯಾರದ ಕರುಳು ಹೊರಗ ಬಂದಿತ್ತು. “ಚಲೋ ನಡೀತಿತ್ತಲ್ಲಪ್ಪ?” ಅಂದೆ. “ನಡೀತದ. ಹ್ಯಾಂಗ ನಡೀತದ ನೋಡಬೇಕಲ್ಲ,” ಅಂದ. ಅಲ್ಲಿಂದ ಹಿಡಿದು ರೇಡಿಯೋ, ಸ್ಟೋ, ಇಸ್ತ್ರಿ, ನನ್ನ ಸೈಕಲ್ಲಿನ ಡೈನಮೋ, ಒಂದನ್ನೂ ಬಿಡಲಿಲ್ಲ. ಮನ್ಯಾಗ ಯಾವ ಸಾಮಾನೂ ಒಂದ ದಿನ ಪೂರಾ ಮೈತುಂಬ ಬಟ್ಟಿ ಹಾಕ್ಕೊಂಡು ಇದ್ದಿದ್ದಿಲ್ಲ. ಬಾಜು ಮನಿ ಬಸಮ್ಮತ್ತಿ ತನ್ನ ಇಸ್ತ್ರಿ ಪೆಟ್ಟಿಗಿ ಬಚ್ಚಿಟ್ಟಿದ್ಲಂತ, “ಶರಣಪ್ಪಣ್ಣನ ಕಣ್ಣಿಗೆ ಬೀಳಬಾರದವ್ವ” ಅಂತ.

ಎಲ್ಲಾ ಬಿಚ್ಚಿ, ಎಲ್ಲಾ ಕೂಡಿಸಿ ಮುಗದ ಮ್ಯಾಲ ಅಪ್ಪ ಮನ್ಯಾಗ ಸುಮ್ನ ತಿರುಗಾಕ ಚಾಲೂ ಮಾಡಿದ. ಕಟ್ಟಿಯಿಂದ ಪಡಸಾಲಿ, ಪಡಸಾಲಿಯಿಂದ ಅಡಗಿಮನಿ ಬಾಗಲು. ಅಲ್ಲಿಗೆ ಹೋಗಿ ನಿಂತು, ಏನೋ ಹೇಳಾಕ ಬಾಯಿ ತೆರೀತಿದ್ದ. ಪಡಸಾಲ್ಯಾಗಿಂದ ಆಯಿ ಕೆಮ್ಮು ಬರ್ತಿತ್ತು. ಅಪ್ಪ ಬಾಯಿ ಮುಚ್ಚಿಕೊಂಡು, ತಂಬಿಗ್ಯಾಗಿನ ನೀರು ಕುಡಿದು, ಹೊಳ್ಳಿ ಕಟ್ಟಿಗೆ ಬರ್ತಿದ್ದ. ಮಧ್ಯಾಹ್ನ ಆಗೋದ್ರಾಗ ಕೊಡ ಖಾಲಿ.

ಇದು ತಿಳೀಬೇಕಂದ್ರ ನಮ್ಮ ಮನಿ ತಿಳೀಬೇಕು. ರಾಯಚೂರಿನ ಬ್ರೆಸ್ತವಾರಪೇಟಿ ಓಣ್ಯಾಗ ರೈಲಿನ ಡಬ್ಬಿಯಂಥ ಮನಿ. ಮುಂದ ಕಟ್ಟಿ, ನಡುವ ಪಡಸಾಲಿ, ಹಿಂದ ಅಡಗಿಮನಿ. ಪಡಸಾಲ್ಯಾಗ ಕಂಬಳಿ ಹಾಸಿಕೊಂಡು ಆಯಿ. ಅತ್ತಿ ಎದುರಿಗೆ ಸೊಸಿ ಗಂಡನ ಜೋಡಿ ಮಾತಾಡಬಾರದು ಅನ್ನೋದು ನಮ್ಮ ಕಡಿ ರೀತಿ. ಹೆಸರಂತೂ ಹೇಳೋಹಂಗ ಇಲ್ಲ. ಅತ್ತಿ ನಡುಮನ್ಯಾಗ ಕುಂತಾಳಂದ ಮ್ಯಾಲ, ಮುಂದಿನ ಮಾತು ಹಿಂದ, ಹಿಂದಿನ ಮಾತು ಮುಂದ ಹೋಗೋದು ಹ್ಯಾಂಗ? ಅದಕ್ಕ ದೇವರು ನನ್ನ ಹುಟ್ಟಿಸಿದ.

ನಾ ಹುಟ್ಟಿದ್ದ ಟ್ರಂಕ್ ಆಪರೇಟರ್ ಆಗಿ ಅನ್ರಿ. “ನಿಮ್ಮಪ್ಪಗ ಕೇಳು, ಊಟಕ್ಕ ಬರ್ತಾರೇನಂತ.” ಓಡು. “ನಿಮ್ಮವ್ವಗ ಹೇಳು, ಇನ್ನ ಸ್ವಲ್ಪ ತಡಿ ಅಂತ.” ಓಡು. ಎದುರಬದುರ ನಿಂತ್ರೂ ಇದ ಕತಿ. ಅವ್ವ ಅಪ್ಪನ್ನ ನೋಡಿಕೋತ ನನಗ ಹೇಳ್ತಿದ್ಲು, ನಾ ಇಲ್ಲದಾಗ ಕಂಬಕ್ಕ ಹೇಳ್ತಿದ್ಲು. ನಾ ಏನು ಪುಕ್ಕಟ ದುಡೀತಿದ್ದಿಲ್ಲ. ಅಪ್ಪ “ಸಾರು ಚಲೋ ಆಗ್ಯಾದ ಅಂತ ಹೇಳು” ಅಂದ್ರ, ನಾ ಒಳಗ ಹೋಗಿ “ಸಾರು ಚಲೋ ಆಗ್ಯಾದಂತ, ಮಲ್ಯಾಗ ಶೇಂಗಾ ಬೆಲ್ಲ ಕೊಡಬೇಕಂತ” ಅಂತಿದ್ದೆ. ಮಲ್ಯಾ ಅಂದ್ರ ನಾನ. ಅವ್ವ ಮೊದಲಿನ ಅರ್ಧಕ್ಕ ನಕ್ಕು, ಎರಡನೇ ಅರ್ಧಕ್ಕ ತಲಿ ಮ್ಯಾಲ ಮೊಟಕಿ, ಶೇಂಗಾ ಬೆಲ್ಲ ಕೊಡ್ತಿದ್ಲು. ಆ ಮೊದಲಿನ ಅರ್ಧದ ನಗಿ ಹೊತ್ತುಕೊಂಡು ಹೊರಗ ಹೋಗಿ ಅಪ್ಪಗ ಕೊಡಾಕ ನನಗ ಬರ್ತಿದ್ದಿಲ್ಲ. ಅದು ಅಲ್ಲೇ ಒಲಿ ಮುಂದ ಉಳೀತಿತ್ತು.

ಆಮ್ಯಾಲ ನನಗ ಮೀಸಿ ಬಂತು. ಮೀಸಿ ಬಂದಾಂವ ಅವ್ವ ಅಪ್ಪನ ನಡುವ ಓಡ್ಯಾಡೋದು ನಾಚಿಕಿ ಆಗಿ ಕೆಲಸ ಬಿಟ್ಟೆ. ಇನ್ನ ಉಳಿದಾಕಿ ನಮ್ಮ ಅಕ್ಕ, ಆಕಿ ಮದುವಿ ಆಗಿ ಮಲ್ಲಟಕ್ಕ ಹೋದ್ಲು. ಅಪ್ಪ ಡ್ಯೂಟಿಗೆ ಹೋಗೋತನಕ ಇದರ ಕೊರತಿ ಯಾರಿಗೂ ತಿಳೀಲಿಲ್ಲ. ರಿಟೈರ್ ಆಗಿ ಮನ್ಯಾಗ ಕುಂತ ಮ್ಯಾಲ ತಿಳೀತು. ಊರ ಮಂದಿ ಮಾತೆಲ್ಲ ಕೂಡಿಸಿದಾಂವನ ಮನಿ ಲೈನ ಕೆಟ್ಟು ಕುಂತಿತ್ತು.

ಒಂದಿನ ಅಪ್ಪ ನನ್ನ ಕರಕೊಂಡು ತೀನ್ ಕಂದೀಲ್ ಹತ್ರ ಗುಜರಿ ಅಂಗಡಿಗೆ ಹೋದ. ಅಲ್ಲಿಂದ ಎರಡು ಕರೇ ಫೋನು ತಂದಿವಿ. ಒಂದರ ಹೊಟ್ಟ್ಯಾಗ ಇಲಿ ಮರಿ ಹಾಕಿತ್ತು. ಅಪ್ಪ ಇಲಿಮರಿನ ಒಂದು ಅರಿವಿ ಮ್ಯಾಲ ಹುಷಾರಿಲೆ ಇಳಿಸಿ, “ಇವರ್ನೆಲ್ಲರೆ ಬಿಟ್ಟು ಬಾ, ಕನೆಕ್ಷನ್ ಶಿಫ್ಟ್ ಆಗ್ಯಾದ ಅಂತ ಹೇಳು” ಅಂದ. ಅಪ್ಪ ಜೋಕ್ ಹೊಡೆದಿದ್ದು ನಾ ಅದ ಮೊದಲ ಸಲ ಕೇಳಿದ್ದು. ಕಟ್ಟಿ ಮ್ಯಾಲ ಕುಂತು ರಾಳದ ಹೊಗಿ ಎಬ್ಬಿಸಿದ. ಒಂದು ಫೋನು ಕಟ್ಟಿಗೆ, ಒಂದು ಅಡಗಿಮನ್ಯಾಗ ಖಾರದ ಡಬ್ಬಿ ಬಾಜೂಕ. ತಂತಿ ತೊಲಿ ಗುಂಟ, ಆಯಿ ತಲಿ ಮ್ಯಾಲಿಂದ ಹಾದು ಹೋತು.

“ಏನಲೇ ಅದು ನನ್ನ ತಲಿ ಮ್ಯಾಲ?” ಅಂದ್ಲು ಆಯಿ.

“ಏನಿಲ್ಲಬೇ ಯವ್ವಾ, ಹಳೇ ತಂತಿ. ಒಗಿಯಾಕ ಮನಸಾಗಲಿಲ್ಲ,” ಅಂದ ಅಪ್ಪ.

ಆಯಿ ಕಿವಿ ಮಂದ. ಆದ್ರೂ ಅಪ್ಪ ಗಂಟಿಗೆ ಅರಿವಿ ತುರುಕಿದ್ದ. ತಿರುವಿದ್ರ ಟಕ್ ಟಕ್ ಅಂತ ಹಲ್ಲಿ ಲೊಚಗುಟ್ಟಿದಂಗ ಬರ್ತಿತ್ತು, ಅಷ್ಟ.

ಮೊದಲ ಸಲ ಅಪ್ಪ ಹಿಡಿಕಿ ತಿರುವಿದಾಗ ನಾ ಅಡಗಿಮನ್ಯಾಗ ಹೋಗಿ ನಿಂತಿದ್ದೆ. ಯಾಕ ಅಂದ್ರ ನಗಾಕ. ಅವ್ವ ರಿಸೀವರ್ ಉಲ್ಟಾ ಹಿಡೀತಾಳ, ಕಿವಿಗೆ ಹಚ್ಚೋದು ಬಾಯಿಗೆ ಹಚ್ಚಿಕೋತಾಳ, ಅದನ್ನ ಗೆಳ್ಯಾರಿಗೆ ಹೇಳಿ ಒಂದು ತಿಂಗಳು ಚಹಾ ಕುಡೀಬಹುದು ಅಂತ ನಂದು ಲೆಕ್ಕ. ಟಕ್ ಟಕ್ ಅಂತು. ಅವ್ವ ಹಿಟ್ಟಿನ ಕೈ ಸೆರಗಿಗೆ ಒರಸಿಕೊಂಡ್ಲು. ಸೆರಗು ಕಿವಿಯಿಂದ ಹಿಂದಕ ಸರಿಸಿದ್ಲು. ಎಡಗೈಲೆ ರಿಸೀವರ್ ಎತ್ತಿ ಕಿವಿಗೂ ಹೆಗಲಿಗೂ ನಡುವ ಸಿಗಿಸಿ, ಬಲಗೈಲೆ ರೊಟ್ಟಿ ಬಡಿಯೋದು ಚಾಲೂ ಮಾಡಿ ಅಂದ್ಲು:

“ಹಲೋ, ಮಾನ್ವಿ.”

ನಗಾಕ ತೆರೆದ ನನ್ನ ಬಾಯಿ ಹಂಗ ಉಳೀತು. ನೊಣ ಹೋಗಿ ಬಂತು ಅಂದ್ರೂ ನಡೀತದ.

ಆಮ್ಯಾಲ ಅಪ್ಪ ಹೇಳಿದ. ನಾ ಹುಟ್ಟೋಕಿಂತ ಮೊದಲಿನ ಮಾತು. ಮಾನ್ವ್ಯಾಗ ಬಾಡಿಗಿ ಮನಿ, ಮುಂದಿನ ಖೋಲ್ಯಾಗ ಎಕ್ಸ್‌ಚೇಂಜು, ಹಿಂದ ಸಂಸಾರ. ಆಯಿ ಆಗ ದೇವದುರ್ಗದಾಗ ಇದ್ಲು. ಗಾಳಿ ಬಂದು ಲೈನು ಕೆಟ್ಟಾಗೆಲ್ಲ ಅಪ್ಪ ಸೈಕಲ್ ಹತ್ತಿ ಬಾಗಲವಾಡ ಹಾದಿಗೆ ಹೋಗ್ತಿದ್ದ. ಕಂಬ ಹತ್ತಿ, ತಂತಿ ಕೂಡಿಸಿ, ಲೈನು ಬಂತೋ ಇಲ್ಲೋ ನೋಡಾಕ ಕೈ ಫೋನು ಹಚ್ಚಿ ಮಾನ್ವಿ ಬೋರ್ಡಿಗೆ ಗಂಟಿ ಹೊಡೀತಿದ್ದ. ಬೋರ್ಡಿನ ಮುಂದ ಯಾರಿರಬೇಕು? ಜ್ವಾಳ ಹಸನ ಮಾಡಿಕೋತ ಕುಂತ ನಮ್ಮ ಅವ್ವ. ಟೆಲಿಫೋನ್ ಖಾತಿಯವರು ಇದನ್ನ ಓದಿದ್ರ ಎಲ್ಲಾ ಸುಳ್ಳು ಅಂತ ತಿಳಕೋಬೇಕು.

“ಲೈನು ಬಂತೇನು?”

“ಬಂತ್ರಿ. ಅಲ್ಲಿ ಮ್ಯಾಲ ಗಾಳಿ ಹ್ಯಾಂಗ ಅದರಿ?”

“ಜೋರದ. ಇಲ್ಲಿಂದ ಹಳ್ಳ ಕಾಣ್ತದ. ಕುರಿ ಹಿಂಡು ಕಾಣ್ತದ. ಮಸೂತಿ ಕಾಣ್ತದ.”

“ಅಲ್ಲಿಂದ ನಾ ಕಾಣ್ತೀನೇನ್ರಿ?”

ಇಷ್ಟು ಹೇಳಿ ಅಪ್ಪ ಜೋರಾಗಿ ನಕ್ಕ. ಒಳಗಿಂದ ಪಾತ್ರಿ ಸಪ್ಪಳ ಆತು, ಬೇಕಂತ ಮಾಡಿದ್ದು. ಆಯಿ ಬಂದು ಮನ್ಯಾಗ ಇರಾಕತ್ತ ಮ್ಯಾಲ ಆ ಮಾತು ನಿಂತಿತ್ತು. ನಾ ಓಡ್ಯಾಡಿದ್ದು ಆಮ್ಯಾಲಿನ ಕತಿ. ಅಂದ್ರ ನಾ ತಿಳಕೊಂಡಿದ್ದೆ ಮನಿ ಆಪರೇಟರ್ ನಾನ ಅಂತ. ನನಗಿಂತ ಮೊದಲು ಡೈರೆಕ್ಟ್ ಲೈನ್ ಇತ್ತು.

ಫೋನು ಬಂದ ಮ್ಯಾಲ ಮನಿ ಬದಲಾತು ನೋಡ್ರಿ. ಅಪ್ಪ ದಿನಾ ಗಡ್ಡ ಹೆರಕೊಳ್ಳಾಕತ್ತ, ಫೋನಿನ್ಯಾಗ ಗಡ್ಡ ಕಾಣ್ತದೇನೋ ಅನ್ನೋವಂಗ. ಅವ್ವಗ ಓಣಿ ಕಾಣೋದಿಲ್ಲ, ಅಡಗಿಮನ್ಯಾಗ ಇರೋದು ಒಂದ ಬೆಳಕಿಂಡಿ. ಅದಕ್ಕ ಅಪ್ಪ ಕಟ್ಟಿ ಮ್ಯಾಲ ಕುಂತು ಓಣಿ ಪೂರಾ ಆಕಿಗೆ ಹೇಳ್ತಿದ್ದ, ಕಂಬದ ಮ್ಯಾಲಿಂದ ಹೇಳಿದಂಗ.

“ಗಂಜ್ ಮಾರ್ಕೆಟ್ಟಿಗೆ ಹತ್ತಿ ಬಂಡಿ ಹೊಂಟಾವ. ಬಸಮ್ಮನ ಸೊಸಿ ಹೊಸಾ ಸೀರಿ ಉಟ್ಟಾಳ.”

“ಯಾವ ಬಣ್ಣರಿ?”

“ಬಣ್ಣಾ... ಬದನಿಕಾಯಿ ಬಣ್ಣ.”

“ಬದನಿಕಾಯಿ ಅಂದ್ರ ಯಾವ ಬದನಿಕಾಯಿರಿ? ಗುಂಡಂದೋ ಉದ್ದಂದೋ?”

ಅಪ್ಪ ತಲಿ ಕೆರಕೊಂಡು, ಕನ್ನಡಕ ಹಾಕ್ಕೊಂಡು, ಮಂದಿ ಸೊಸಿ ಸೀರಿ ಇನ್ನೊಮ್ಮೆ ನೋಡಿ, “ಗುಂಡಂದು” ಅಂತಿದ್ದ. ರಿಟೈರ್ ಆದ ಮ್ಯಾಲ ಏನ್ ಮಾಡ್ತೀರಿ ಅಂತ ಯಾರರ ಕೇಳಿದ್ರ ಇದನ್ನ ಹ್ಯಾಂಗ ಹೇಳ್ತಾನ ಪಾಪ?

ಟೆಲಿಫೋನ್ ಖಾತಿಯ ಒಂದು ಹಟ ಮಾತ್ರ ಅಪ್ಪ ಬಿಟ್ಟಿದ್ದಿಲ್ಲ. ಅವ್ವ ಗಂಟಿ ಹೊಡೆದ್ರ ಅಪ್ಪ ಎತ್ತಿ, ಗತ್ತಿನ್ಯಾಗ “ಯಾರು ಬೇಕಾಗಿತ್ರಿ?” ಅಂತ ಕೇಳ್ತಿದ್ದ. ಹೆಸರು ಹೇಳೋತನಕ ಲೈನು ಕೊಡ್ತಿದ್ದಿಲ್ಲ. ಗಂಡನ ಹೆಸರು ಹೇಳೋದು ಹ್ಯಾಂಗ? ಮದುವ್ಯಾಗ ಹೆಣ್ಣುಮಕ್ಕಳು ಬಾಗಲಿಗೆ ಅಡ್ಡ ನಿಂತು “ಒಡಪು ಹೇಳಿ ಒಳಗ ಬಾ” ಅಂತಾರಲ್ರಿ, ಪದದಾಗ ಕೂಡಿಸಿ ಹೇಳಿದ್ರ ಮಾತ್ರ ಗಂಡನ ಹೆಸರು ಬಾಯಾಗ ಬರಬಹುದು. ಅವ್ವ ಅದನ್ನ ಹಿಡಿದ್ಲು. ರಿಸೀವರಿಗೆ ಬಾಯಿ ಹಚ್ಚಿ, ದನಿ ಸಣ್ಣ ಮಾಡಿ:

“ಮಾನ್ವಿ ಹಾದ್ಯಾಗ ಕಂಬಕ್ಕ ಜೋಡಿ ತಂತಿ,
ಶರಣಪ್ಪನೋರು ಮ್ಯಾಲಿದ್ರ ನನಗ್ಯಾಕ ಚಿಂತಿ.”

ಅಪ್ಪ ಈ ಕಡಿ ಕಣ್ಣು ಮುಚ್ಚಿ ಕೇಳಿ, “ಲೈನ್ ಕ್ಲಿಯರ್ ಅದ, ಮಾತಾಡ್ರಿ” ಅಂತಿದ್ದ. ನಾ ಪುಸ್ತಕ ಅಡ್ಡ ಹಿಡಕೊಂಡು ಓದೋ ನಾಟಕ ಮಾಡ್ತಿದ್ದೆ. ಆ ವರ್ಷ ಕಾಸ್ಟಿಂಗ್ ಪೇಪರಿನ್ಯಾಗ ಫೇಲಾಗಿದ್ದಕ್ಕ ಕಾರಣ ಈ ಒಡಪು ಅಂತ ನಾ ಈಗಲೂ ಹೇಳ್ತೀನಿ. ಅದರ ಹಿಂದಿನ ವರ್ಷ ಯಾಕ ಫೇಲಾದಿ ಅಂತ ಮಾತ್ರ ಕೇಳಬ್ಯಾಡ್ರಿ.

ಈಗ ನನ್ನ ಪರಾಕ್ರಮಕ್ಕ ಬರೋಣು.

ಬಸಮ್ಮತ್ತಿ ಮೊಮ್ಮಗನ ತೊಟ್ಟಲಾ. ತೊಟ್ಟಲಾ ಅಂದ ಮ್ಯಾಲ ಮೈಕು ಬೇಕು. ಕೂಸಿನ ಹೆಸರು ಓಣಿಗೆಲ್ಲ ಕೇಳಿದ್ರ ಮಾತ್ರ ಅದು ಹೆಸರು. ಮೈಕ್ ಸೆಟ್ ನನ್ನ ಗೆಳ್ಯಾ ಖಾಜಾಂದು. ಬಸಮ್ಮತ್ತಿ ಮನ್ಯಾಗ ಅವತ್ತ ಕರೆಂಟು ಕೈ ಕೊಡ್ತು. ಅದಕ್ಕ ಖಾಜಾ ಮಶೀನು ತಂದು ನಮ್ಮ ಕಟ್ಟಿ ಮ್ಯಾಲ ಇಟ್ಟ. ಭೋಂಗಾ ಬಸಮ್ಮತ್ತಿ ಅಂಗಳದ ಬೇವಿನ ಗಿಡಕ್ಕ ಕಟ್ಟಿದ. ಮೈಕಿನ ತಂತಿ ಆ ಮನಿಯಿಂದ ಎಳಕೊಂಡು ಬಂದು ನಮ್ಮ ಕಿಡಕಿ ಮಳಿಗೆ ಸುತ್ತಿ, “ಮಲ್ಯಾ, ಇದನ್ನ ಮಶೀನಿಗೆ ಕೂಡಸು, ನಾ ಅಲ್ಲಿ ಹೋಗಿ ಟೆಸ್ಟಿಂಗ್ ಅಂತೀನಿ” ಅಂದ.

“ನಾ ಯಾರ ಮಗ ಗೊತ್ತದೇನಲೇ?” ಅಂದೆ ನಾ, ಕಾಲರ್ ಎತ್ತಿ.

ಆ ಮಳಿಗೇ ಅಪ್ಪನ ಫೋನಿನ ತಂತಿನೂ ಸುತ್ತಿತ್ತು. ಮೆಕ್ಯಾನಿಕ್‌ನ ಮಗ ಹಲ್ಲಿಲೆ ತಂತಿ ಸುಲಿದ. ಮಶೀನಿಗೆ ತಿರುವಿ ಬಿಗಿದ. ಚಾಲೂ ಮಾಡಿದ. ಯಾವ ಜೋಡಿ ಅಂತ ಇನ್ನೇನು ಹೇಳೋದು ಬ್ಯಾಡ.

ಅಪ್ಪ, ಕಟ್ಟಿ ಖಾಜಾನ ಪಾಲಾತಂತ ಫೋನು ಹಿಡಕೊಂಡು ಕಿಡಕಿ ಒಳಗಿನ ಬಾಜೂಕ ಕುಂತಿದ್ದ. ಆಯಿ ತೊಟ್ಟಲಕ್ಕ ಹೋಗಿ ಹೆಣ್ಣುಮಕ್ಕಳ ನಡುವ, ಬೇವಿನ ಗಿಡದ ಕೆಳಗ, ಅಂದ್ರ ಸರಿಯಾಗಿ ಭೋಂಗಾದ ಬುಡಕ್ಕ ಕುಂತಿದ್ಲು. ಮನಿ ಖಾಲಿ. ಪಡಸಾಲಿ ಖಾಲಿ. ಹಿಂದ ಅವ್ವ ಒಬ್ಬಾಕಿ, ಬಾಜೂಕ ಸ್ಟೋ ಭರ್ರ ಅನ್ನಾಕತ್ತದ. ಟಕ್ ಟಕ್ ಅಂತು. ಅಪ್ಪ ಎತ್ತಿ “ಯಾರು ಬೇಕಾಗಿತ್ರಿ?” ಅಂದ.

ಓಣಿ ಮ್ಯಾಲ, ಆಕಾಶದಾಗ, ದೇವರ ದನಿ ಬಂದಂಗ ಬಂತು, “ಯಾರು ಬೇಕಾಗಿತ್ರಿ?”

ನಾ ಒಂದು ಕ್ಷಣ ಯಾರೋ ಮಂತ್ರಿ ಬಂದಾರ ಅಂತ ತಿಳಕೊಂಡೆ. ಅಷ್ಟರಾಗ ಅವ್ವನ ಒಡಪು ಬಂತು. ಮಾನ್ವಿ ಹಾದಿ, ಜೋಡಿ ತಂತಿ, ಶರಣಪ್ಪನೋರು, ಎಲ್ಲಾ. ಅದರ ಬೆನ್ನಿಗೆ ಉಸಿರು ಬಿಡದ:

“ಯಾರೂ ಇಲ್ರಿ ಮನ್ಯಾಗ. ಎಣ್ಣಿಗಾಯಿ ಬದನಿಕಾಯಿ ಮಾಡೀನಿ, ಬಿಸಿ ಅದಾವ. ಒಳಗ ಬರ್ರಿ. ಮಾನ್ವ್ಯಾಗ ಉಂಡಂಗ ಒಂದ ತಾಟಿನ್ಯಾಗ ಉಣ್ಣೂಣು. ... ಯಾಕ ಸುಮ್ನಾದ್ರಿ? ಅಲ್ಲಿಂದ ನಾ ಕಾಣ್ತೀನೇನ್ರಿ?”

ಓಣ್ಯಾಗ ನಾಯಿ ಸುದ್ದಾ ಬೊಗಳಲಿಲ್ಲ. ಬೇವಿನ ಗಿಡದ ಕಾಗಿ ಎದ್ದು ಹೋಗಿದ್ದವು. ಅಪ್ಪ ಕಿಡಕ್ಯಾಗಿಂದ ಕೈ ಹಾಕಿ ತಂತಿ ಕಿತ್ತಿ ಒಗದ, ಆದ್ರ ಮಾತು ಹೋಗೋ ಕಡಿ ಹೋಗಿ ಮುಟ್ಟಿತ್ತು. ಮೊದಲು ಒಬ್ಬಾಕಿ ಕಿಸಕ್ಕಂದ್ಲು. ಆಮ್ಯಾಲ ಆ ಅಂಗಳ ಪೂರಾ ನಗಿ. ಖಾಜಾ ಲುಂಗಿ ಎತ್ತಿಕೊಂಡು ಓಡಿ ಬಂದ: “ಅರೇ ಮಲ್ಯಾ, ಯೇ ಕ್ಯಾ ಕರ‍್ಯಾ ರೇ ತೂ!”

ಕೂಸಿನ ಹೆಸರು ಏನಿಟ್ರು ಅಂತ ಓಣ್ಯಾಗ ಯಾರಿಗೂ ನೆನಪಿಲ್ಲ. ಅವ್ವನ ಒಡಪು ಎಲ್ಲಾರಿಗೂ ಬಾಯಿಪಾಠ. ಸಣ್ಣ ಹುಡುಗ್ರು ಗೋಲಿ ಆಡಿಕೋತ ಹಾಡಾಕತ್ರು. ಹಾಲಿನಾಂವ ನನಗ “ಏನ್ರಿ ಮಲ್ಲಣ್ಣ, ನಿಮ್ಮ ಮನ್ಯಾಗ ತಾಟು ತೊಳಿಯೋ ಕೆಲಸ ಕಡಿಮಿ ಅನ್ರಿ” ಅಂದ. ಹಾಡಿದ ಹುಡುಗನ ಬೆನ್ನು ಹತ್ತಿ ಹೊಡಿಯಾಕ ಹೋದೆ. ಅಂವ ಚರಂಡಿ ಜಿಗಿದ, ನಾ ಜಿಗೀಲಿಲ್ಲ, ಒಳಗ ಬಿದ್ದೆ. ಆ ಹುಡುಗನ ನನಗ ಕೈ ಕೊಟ್ಟು ಮ್ಯಾಲ ಎಳೆದ. ಎಳಿಯೋವಾಗನೂ ಹಾಡಾಕತ್ತಿದ್ದ.

ನಗಿ ಇಲ್ಲಿಗೆ ಮುಗೀತ್ರಿ.

ಅವ್ವ ನಳಕ್ಕ ಹೋಗೋದು ಬಿಟ್ಲು. ನೀರು ನಾನ ತಂದೆ. ಅಡಗಿಮನಿ ಫೋನಿನ ಮ್ಯಾಲ ಒಂದು ಬುಟ್ಟಿ ಬೋರಲ ಹಾಕಿದ್ಲು, ಸತ್ತ ಕೋಳಿ ಮುಚ್ಚಿದಂಗ. ಅಪ್ಪ ಹಿಡಿಕಿ ತಿರುವಿದ್ರ ಬುಟ್ಟಿ ಒಳಗ ಟಕ್ ಟಕ್ ಅಂತಿತ್ತು, ಸುಮ್ನ ಆಗ್ತಿತ್ತು. ಆಕಿ ಅತ್ತ ಹೊಳ್ಳಿ ನೋಡ್ತಿದ್ದಿಲ್ಲ. ಅಪ್ಪ ನನಗ ಒಂದು ಮಾತು ಬೈಲಿಲ್ಲ. ಬೈದಿದ್ರ ಚಲೋ ಇತ್ತು. ಬೈಸಿಕೊಳ್ಳೋದ್ರಾಗ ನನಗ ಡಿಗ್ರಿ ಅದ. ಮತ್ತೊಂದು ಗಡಿಯಾರ ಬಿಚ್ಚಿದಾಂವ ಕೂ‌ಡಿಸಲಿಲ್ಲ. ಗಡ್ಡ ಬೆಳೀತು. ಹತ್ತಿ ಬಂಡಿ ಹೋದವು, ಬಸಮ್ಮನ ಸೊಸಿ ಇನ್ನೊಂದು ಹೊಸಾ ಸೀರಿ ಉಟ್ಲು. ಅಪ್ಪ ಅದನ್ನ ನೋಡಿ, ಕೈ ಫೋನಿಗೆ ಒಯ್ದು, ಹೊಳ್ಳಿ ತೊಡಿ ಮ್ಯಾಲ ಇಟ್ಕೊಂಡ. ನಾ ಅದನ್ನ ನೋಡಬಾರದಿತ್ತು.

ಮೀಸಿ ಹೊತ್ತುಕೊಂಡು ನಾ ಮತ್ತ ಹಳೇ ನೌಕರಿಗೆ ಹಾಜರಾದೆ. “ಅವ್ವಾ, ಅಪ್ಪ ಹೇಳ್ತಾನ, ಸೀರಿ ಬಣ್ಣ ಗಿಣಿ ಹಸರು ಇತ್ತಂತ.”

ಅವ್ವ ಜ್ವಾಳ ಹಸನ ಮಾಡಿಕೋತ ಅಂದ್ಲು, “ನಿಮ್ಮಪ್ಪಗ ಹೇಳು, ಲೈನ್ ಬಂದ್ ಆಗ್ಯಾದಂತ.”

“ಎಲ್ಲೀತನಕಬೇ?”

“ನಾ ಸಾಯೋತನಕ.” ಆಕಿ ಕಣ್ಣಾಗ ನೀರಿತ್ತು, ಹೊಗಿ ಅಂತ ಹೇಳಾಕ ಒಲಿ ಹಚ್ಚಿದ್ದಿಲ್ಲ. “ಅತ್ತಿ ಕೇಳ್ಯಾರ ಮಲ್ಯಾ. ಇಷ್ಟು ವರ್ಷ ಅವರ ಮುಂದ ತಲಿ ಎತ್ತಿದ್ದಿಲ್ಲ ನಾ. ಈಗ ಯಾವ ಮಾರಿ ತೋರಸಲಿ?”

ಖರೇನ. ಆಯಿ ಅವತ್ತಿನಿಂದ ಮಾತಾಡಿದ್ದಿಲ್ಲ. ಕಿವಿ ಮಂದ ಅಂದ್ರೂ ಭೋಂಗಾದ ಬುಡಕ್ಕ ಕುಂತಾಕಿಗೆ ಎಲ್ಲಾ ಕೇಳಿತ್ತು. ಪಡಸಾಲ್ಯಾಗ ಕುಂತು ತೊಲಿ ಮ್ಯಾಲಿನ ತಂತಿನ್ನ ಈ ತುದಿಯಿಂದ ಆ ತುದಿತನಕ ನೋಡ್ತಿದ್ಲು. ಇವತ್ತ ಬೈತಾಳ, ನಾಳಿ ಬೈತಾಳ ಅಂತ ನಾವು ಮೂರೂ ಮಂದಿ ಕಾದಿವಿ.

ಒಂದು ಮುಂಜಾನಿ ಎದ್ದು ಕೈಚೀಲ ತುಂಬಿಕೊಂಡ್ಲು. “ಮಲ್ಯಾ, ನನ್ನ ಮಸರಕಲ್ಲಿಗೆ ಬಿಟ್ಟು ಬಾ.”

ಅಲ್ಲಿ ಆಕಿ ತಮ್ಮನ ಮನಿ. ಮದುವಿ ಇಲ್ಲ, ಮುಂಜಿ ಇಲ್ಲ, ಯಾರಿಗೂ ಆರಾಮಿಲ್ಲ ಅನ್ನೋ ಸುದ್ದಿ ಇಲ್ಲ. ಅವ್ವನ ಕೈಯಾಗಿನ ತಂಬಿಗಿ ಬಿತ್ತು. ಓಡಿ ಬಂದು ಆಯಿ ಕಾಲು ಹಿಡದ್ಲು. “ತಪ್ಪಾತ್ರಿ ಅತ್ತಿ. ನನ್ನ ಸಲವಾಗಿ ಮನಿ ಬಿಟ್ಟು ಹೋಗಬ್ಯಾಡ್ರಿ. ಆ ತಂತಿ ಇವತ್ತ ಕಿತ್ತಿ ಹಾಕಸ್ತೀನ್ರಿ.”

“ಏಳಬೇ ಮ್ಯಾಲ. ನನ್ನ ತಮ್ಮನ ಕುರಿ ನೋಡಬೇಕನಿಸ್ಯಾದ. ಕುರಿ ನೋಡಾಕೂ ನಿಮ್ಮ ಕೇಳಬೇಕೇನು?” ಅಂದ್ಲು ಆಯಿ. ನನ್ನ ಕಡಿ ಹೊಳ್ಳಿ, “ನೀನೂ ಅಂಗಿ ಧೋತರ ತಗೋ. ನನ್ನ ಜೋಡಿ ಅಲ್ಲೇ ಇರು.”

“ನಂದು ಪರೀಕ್ಷಾ ಅದಬೇ ಆಯಿ.”

“ಫೇಲಾಗಾಕ ಇಲ್ಲೇ ಇರಬೇಕೇನು? ಅಲ್ಲಿ ಕುಂತು ಆಗು.”

ಅಪ್ಪ ಬಾಗಲದಾಗ ನಿಂತಿದ್ದ, ಕೈಯಾಗ ಒಂದು ಇಕ್ಕಳ. “ಯವ್ವಾ...” ಅಂದ. ಆಯಿ ಅಂವನ ಗಡ್ಡದ ಮ್ಯಾಲ ಕೈ ಆಡಿಸಿ, “ಇದನ್ನ ತಕ್ಕೋ ಮೊದಲು,” ಅಂದ್ಲು.

ಮಸರಕಲ್‌ನ್ಯಾಗ ನಾ ಕುರಿ ಕಾದಿದ್ದು, ಒಂದು ಟಗರು ನನ್ನ ಕಾದಿದ್ದು, ಅದೆಲ್ಲ ಇನ್ನೊಂದು ಕತಿ. ಆಯಿ ಒಂದು ವಾರ ಅಂದಾಕಿ ಹಬ್ಬ ಬರೋತನಕ ಹೊಳ್ಳಲಿಲ್ಲ. ನಾವು ವಾಪಸ್ ರಾಯಚೂರಿಗೆ ಬಂದ ದಿನ ಕಟ್ಟಿ ಖಾಲಿ ಇತ್ತು. ಒಳಗ ಹೋದ್ರ, ಅಪ್ಪ ಅಡಗಿಮನಿ ಬೆಳಕಿಂಡಿ ಕೆಳಗ ಕುಂತು ಶೇಂಗಾ ಸುಲಿಯಾಕತ್ತಾನ, ಗಡ್ಡ ನುಣ್ಣಗ ಹೆರದಾನ. ಅವ್ವ ಏನೋ ಹೇಳಾಕತ್ತಾಳ, ಗಟ್ಟಿಯಾಗಿ, ತಲಿ ಮ್ಯಾಲ ಸೆರಗಿಲ್ಲದ. ಫೋನಿನ ಮ್ಯಾಲಿನ ಬುಟ್ಟಿ ಹಂಗ ಇತ್ತು. ಅದರ ಮ್ಯಾಲ ಹಪ್ಪಳ ಆರಾಕ ಹಾಕಿದ್ರು. ನಮ್ಮ ಸಪ್ಪಳ ಕೇಳಿ ಅವ್ವ ಸೆರಗು ಎಳಕೊಳ್ಳಾಕ ಹೋದ್ಲು. ಆಯಿ, ನೋಡೇ ಇಲ್ಲ ಅನ್ನೋವಂಗ, ಪಡಸಾಲ್ಯಾಗಿನ ತನ್ನ ಕಂಬಳಿ ಎತ್ತಿ ಕೊಡವಿ, ಒಯ್ದು ಕಟ್ಟಿ ಮ್ಯಾಲ ಹಾಸಿಕೊಂಡ್ಲು. “ಇಲ್ಲಿ ಗಾಳಿ ಚಲೋ ಅದ,” ಅಂದ್ಲು. ತೀರಿಕೊಳ್ಳೋತನಕ ಅಲ್ಲೇ ಕುಂತ್ಲು.

ನಾನೂ ಕಡೀಕ ಪಾಸಾಗಿ, ದೇವದುರ್ಗದಾಗ ಕಾರಕೂನಕಿ ಸಿಕ್ಕು, ಒಂದು ಖೋಲಿ ಹಿಡಕೊಂಡು ಅದೀನಿ. ಒಬ್ಬನ ಒಂದ ತಾಟಿನ್ಯಾಗ ಉಣ್ತೀನಿ, ಅದೇನು ಹೇಳಿಕೊಳ್ಳೋ ಮಾತಲ್ಲ. ಸಂಜಿಮುಂದ ಯಾರಿಗರೆ ಏನರೆ ಹೇಳಿ ಬಾ ಅಂತ ಯಾರರ ನನ್ನ ಓಡಿಸಲಿ ಅನಸ್ತದ. ಆದ್ರ ಹೇಳಬೇಕಂದಿದ್ದು ನನ್ನ ಮಾತಲ್ಲ, ಆಯಿ ಮಾತು.

ಮಸರಕಲ್ಲಿಗೆ ಹೋಗೋ ಬಸ್ಸಿನ್ಯಾಗ ಆಕಿ ಕಿಡಕಿ ಬಾಜೂಕ ಕುಂತಿದ್ಲು. ಊರು ದಾಟಿದ ಮ್ಯಾಲ ಹೊಲ ಬಂದವು. ನಾ ಆಕಿ ಕಿವಿಗೆ ಬಾಯಿ ಹಚ್ಚಿ ಗಟ್ಟಿಯಾಗಿ ಕೇಳಿದೆ. “ಆಯಿ, ಅವ್ವನ ಮ್ಯಾಲ ಸಿಟ್ಟದೇನಬೇ? ತಂತಿ ಕೂಡಿಸಿದಾಂವ ನಾ. ಬೈಯೋದಿದ್ರ ನನಗ ಬೈ.”

ಬಸ್ಸಿನಾಗಿನ ಮಂದಿ ಹೊಳ್ಳಿ ನೋಡಿದ್ರು. ಆಯಿ ನೋಡಲಿಲ್ಲ. ಚೀಲದಾಗಿಂದ ಮಂಡಾಳ, ಅದ ಚುರಮುರಿ, ತಗದು ಒಂದು ಮುಷ್ಟಿ ನನ್ನ ಕೈಯಾಗ ಹಾಕಿದ್ಲು, ತಾನೊಂದು ನಾಕು ಕಾಳು ಬಾಯಾಗ ಹಾಕ್ಕೊಂಡ್ಲು. ಆಮ್ಯಾಲ ಕಿಡಕಿ ಕಡಿ ಮಾರಿ ಇಟ್ಕೊಂಡು ಅಂದ್ಲು:

“ನಮ್ಮತ್ತಿ ಭಾಳ ಚಲೋಕಿ ಇದ್ಲಪಾ. ಒಂದು ಮಾತು ಬೈದಾಕಿ ಅಲ್ಲ. ಆದ್ರ ನಿಮ್ಮ ತಾತ ಇರೋತನಕ ಆಕಿ ಒಂದು ದಿನರೆ ನಮ್ಮಿಬ್ಬರನ್ನ ಮನ್ಯಾಗ ಬಿಟ್ಟು ಊರಿಗೆ ಹೋಗಲಿಲ್ಲ ನೋಡು.”